ಕುಕ್ಕರ್ ಕೂಗ್ತಿಲ್ವಾ? ಮೊದಲು ಹಬೆ ಎಲ್ಲಿಂದ ಬರುತ್ತಿದೆ ನೋಡಿ

ಕುಕ್ಕರ್ ಸರಿಯಾಗಿ ಕೂಗದಿದ್ದರೆ ಬಹಳ ಮನೆಗಳಲ್ಲಿ ಆಗುವುದು ಒಂದೇ. ಮೊದಲು ಹೊಸ ಗ್ಯಾಸ್ಕೆಟ್ ಬರುತ್ತದೆ. ಅದರಿಂದ ಸರಿಹೋಗದಿದ್ದರೆ ಹೊಸ ವಿಷಲ್. ಆಮೇಲೆ ಸೇಫ್ಟಿ ವಾಲ್ವ್. ಕೊನೆಗೆ ಕುಕ್ಕರ್ ಅಟ್ಟ ಸೇರುತ್ತದೆ, ಅಂಗಡಿಯಿಂದ ಹೊಸದು ಬರುತ್ತದೆ. ಇಷ್ಟೆಲ್ಲ ಖರ್ಚು ಮಾಡುವ ಮೊದಲು ಒಲೆಯ ಮುಂದೆ ಎರಡು ನಿಮಿಷ ನಿಂತು ಹಬೆ ಎಲ್ಲಿಂದ ಬರುತ್ತಿದೆ ಅಂತ ನೋಡಿದರೆ ತೊಂದರೆ ಅರ್ಧ ಪತ್ತೆಯಾದಂತೆ.

ಕಾರಣ ಸರಳ. ಕುಕ್ಕರ್ ಒಳಗೆ ಹಬೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಜಾಸ್ತಿ ಒತ್ತಡದಲ್ಲಿರುತ್ತದೆ. ಆ ಒತ್ತಡದಲ್ಲಿ ನೀರು 100ರ ಬದಲು 120 ಡಿಗ್ರಿ ಹತ್ತಿರ ಕುದಿಯುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ. ಒತ್ತಡ ಅದಕ್ಕಿಂತ ಹೆಚ್ಚಾದರೆ ವಿಷಲ್ ಎದ್ದು ಹಬೆ ಬಿಡುತ್ತದೆ. ಅಂದರೆ ದಿನಾ ಹಬೆ ಹೋಗಬೇಕಾದ ದಾರಿ ಒಂದೇ, ವಿಷಲ್ ಕೂರುವ ಕೊಳವೆ. ಸೇಫ್ಟಿ ವಾಲ್ವ್ ಇರುವುದು ಆಪತ್ತಿಗೆ. ಬೇರೆ ಎಲ್ಲಿಂದಲಾದರೂ ಹಬೆ ಬಂದರೆ, ಅಥವಾ ಎಲ್ಲಿಂದಲೂ ಬರದೇ ಇದ್ದರೆ, ಏನೋ ಕೆಟ್ಟಿದೆ ಅಂತ ಅರ್ಥ.

ಕೆಳಗೆ ಹೇಳಿರುವ ತಪಾಸಣೆಯನ್ನೆಲ್ಲ ಕುಕ್ಕರ್ ಖಾಲಿ ಇದ್ದಾಗ, ಪೂರ್ತಿ ತಣ್ಣಗಾದ ಮೇಲೆ ಮಾಡಿ. ಏನೇ ಸರಿಪಡಿಸಿದರೂ ಮೊದಲ ಪರೀಕ್ಷೆ ಬರೀ ನೀರಿನಲ್ಲಿರಲಿ. ಎರಡು ಮೂರು ಲೋಟ ನೀರು ಹಾಕಿ, ಮುಚ್ಚಿ, ಒಂದು ಕೂಗು ಕೂಗಿಸಿ ನೋಡಿ. ಸುಮ್ನೆ ಒಂದು ಪಾವು ಬೇಳೆ ಹಾಳು ಮಾಡುವುದು ಯಾಕೆ?

ಮುಚ್ಚಳದ ಅಂಚಿನಿಂದ ಹಬೆ ಬರುತ್ತದೆ, ಕೂಗು ಬರುವುದಿಲ್ಲ

ಹೆಚ್ಚು ಜನ ಕಾಣುವ ತೊಂದರೆ ಇದೇ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಬೇಳೆ ನೀರು ಕುಕ್ಕರಿನ ಹೊಟ್ಟೆಯ ಮೇಲೆ ಗೆರೆ ಗೆರೆಯಾಗಿ ಇಳಿದು ಬರ್ನರ್ ಮೇಲೆ ಚುಂಯ್ ಅನ್ನುತ್ತದೆ. ಹೊರಗೆ ತಿರುಗಿಸಿ ಮುಚ್ಚುವ ಔಟರ್ ಲಿಡ್ ಕುಕ್ಕರುಗಳಲ್ಲಿ ಶುರುವಿನ ಒಂದೆರಡು ನಿಮಿಷ ಹೀಗೆ ಸ್ವಲ್ಪ ಹಬೆ ಬಂದು ತಾನೇ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಮಾತ್ರ ಹುಡುಕಬೇಕು.

ಕಾಸು ಖರ್ಚಿಲ್ಲದ ಕೆಲಸ ಮೊದಲು. ಗ್ಯಾಸ್ಕೆಟ್ ಬಿಚ್ಚಿ, ಅದನ್ನೂ ಅದು ಕೂರುವ ಸಂದನ್ನೂ ಸೋಪು ಹಾಕಿ ತೊಳೆಯಿರಿ. ಒಣಗಿದ ಒಂದು ಅನ್ನದ ಅಗುಳು, ಒಂದು ಸಾಸಿವೆ ಕಾಳು ಅಡಿಯಲ್ಲಿ ಸಿಕ್ಕಿಕೊಂಡಿದ್ದರೂ ಸಾಕು, ಹಬೆಗೆ ದಾರಿಯಾಗುತ್ತದೆ. ದಿನಾ ಮುಚ್ಚಳ ತೊಳೆಯುವವರು ಕೂಡ ಈ ಸಂದಿಗೆ ಕೈ ಹಾಕುವುದು ಕಡಿಮೆ.

ತೊಳೆದ ಮೇಲೂ ಸೋರಿದರೆ, ಸೋರುವುದು ಒಂದೇ ಕಡೆಯಾ ಸುತ್ತಲೂನಾ ಅಂತ ಗಮನಿಸಿ. ಸುತ್ತಲೂ ಸೋರಿದರೆ ಗ್ಯಾಸ್ಕೆಟ್ ಹಳತಾಗಿದೆ, ಅಥವಾ ಅಳತೆ ಬೇರೆಯದು. ಒಂದೇ ಕಡೆ ಸೋರಿದರೆ ಒಂದು ಸಣ್ಣ ಉಪಾಯ ಇದೆ. ಸೋರಿದ ಜಾಗ ಯಾವುದು ಅಂತ ಹಿಡಿಯ ಗುರುತು ಇಟ್ಟುಕೊಂಡು ನೆನಪಿಟ್ಟುಕೊಳ್ಳಿ. ತಣ್ಣಗಾದ ಮೇಲೆ ಗ್ಯಾಸ್ಕೆಟನ್ನು ಮುಚ್ಚಳದಲ್ಲೇ ಕಾಲು ಸುತ್ತು ಸರಿಸಿ, ಮತ್ತೆ ನೀರಿನ ಪರೀಕ್ಷೆ ಮಾಡಿ. ಸೋರುವ ಜಾಗವೂ ಸರಿದರೆ ತಪ್ಪು ಗ್ಯಾಸ್ಕೆಟ್‌ದು. ಅದೇ ಜಾಗದಲ್ಲಿ ಸೋರಿದರೆ ತಪ್ಪು ಮುಚ್ಚಳದ್ದು, ಇಲ್ಲವೇ ಕುಕ್ಕರಿನ ಬಾಯಿಯದು. ಈ ಐದು ನಿಮಿಷದ ಕೆಲಸ ಮಾಡದೇ ಮೂರು ಗ್ಯಾಸ್ಕೆಟ್ ಬದಲಾಯಿಸಿದವರು ಎಷ್ಟೋ ಜನ ಇದ್ದಾರೆ.

ಗ್ಯಾಸ್ಕೆಟ್ ಹಳತಾಗಿದೆಯಾ ಅಂತ ತಿಳಿಯುವುದು ಸುಲಭ. ಬೆರಳಿನಲ್ಲಿ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರದಿದ್ದರೆ, ಮುಟ್ಟಿದರೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಅನಿಸಿದರೆ ಬದಲಾಯಿಸಿ. ಮುಚ್ಚಳದ ಒಳಮೈ ಕೆಳಗೆ ಮಾಡಿ ಹಿಡಿದಾಗ ತಾನೇ ಕಳಚಿ ಬಿದ್ದರೆ ಅದು ಹಿಗ್ಗಿದೆ. ಹಿಗ್ಗಿದ್ದನ್ನು ತಣ್ಣೀರಿಗೋ ಫ್ರಿಜ್ಜಿಗೋ ಹಾಕಿ ಬಿಗಿ ಮಾಡುವುದು, ತಿರುವಿ ಹಾಕುವುದು ಎಲ್ಲ ಆ ಹೊತ್ತಿನ ಅಡುಗೆ ಮುಗಿಸಲು ಸರಿ. ಅದನ್ನೇ ನಂಬಿ ತಿಂಗಳುಗಟ್ಟಲೆ ಎಳೆಯಬೇಡಿ. ದಿನಾ ಬಳಸುವ ಮನೆಯಲ್ಲಿ ಗ್ಯಾಸ್ಕೆಟ್ ವರ್ಷಕ್ಕೊಮ್ಮೆ ಬದಲಾಯಿಸುವ ವಸ್ತು ಅಂತಲೇ ಇಟ್ಟುಕೊಳ್ಳಿ. ತರುವಾಗ "ಐದು ಲೀಟರಿಂದು ಕೊಡಿ" ಅಂದರೆ ಸಾಲದು. ಒಂದೇ ಕಂಪನಿಯ ಐದು ಲೀಟರ್ ಕುಕ್ಕರುಗಳಲ್ಲೇ ಬಾಯಿಯ ಅಗಲ ಬೇರೆ ಬೇರೆ ಇರುತ್ತದೆ. ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಮಾಡೆಲ್ ಹೆಸರೂ ಹೇಳಿ.

ಇನ್ನು ಬಾಯಿ. ಹುಳಿ ಕಲಕಿದ ಸೌಟನ್ನು ಕುಕ್ಕರಿನ ಅಂಚಿಗೆ ಟಣ್ ಟಣ್ ಅಂತ ಬಡಿದು ಕೊಡವುವ ಅಭ್ಯಾಸ ನಮ್ಮಲ್ಲಿ ಬಹಳ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ವರ್ಷಗಟ್ಟಲೆ ಏಟು ತಿಂದ ಅಂಚಿನ ಮೇಲೆ ಬೆರಳು ಆಡಿಸಿದರೆ ಸಣ್ಣ ಸಣ್ಣ ತಗ್ಗು ಕೈಗೆ ಸಿಗುತ್ತದೆ. ಔಟರ್ ಲಿಡ್ ಕುಕ್ಕರಾದರೆ ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಹಾಕಿ ನೋಡಿ. ಅಲುಗಾಡಿದರೆ, ಅಡಿಯಲ್ಲಿ ಕಾಗದ ತೂರುವಷ್ಟು ಸಂದು ಕಂಡರೆ ಬಾಯಿ ಸೊಟ್ಟಗಿದೆ. ಅದನ್ನು ಮನೆಯಲ್ಲಿ ಸುತ್ತಿಗೆ ಹಿಡಿದು ಸರಿಮಾಡಲು ಹೋಗಬೇಡಿ, ಕಂಪನಿಯ ಸರ್ವೀಸ್ ಸೆಂಟರಿಗೆ ತೋರಿಸಿ. ಸೌಟು ಕೊಡವಲು ಪಕ್ಕದಲ್ಲಿ ಒಂದು ತಟ್ಟೆ ಇಟ್ಟುಕೊಂಡರೆ ಈ ತೊಂದರೆಯೇ ಬರುವುದಿಲ್ಲ.

ಹಿಡಿಯ ಸ್ಕ್ರೂ ಸಡಿಲವಾಗಿದ್ದರೂ ಅಂಚು ಸೋರುತ್ತದೆ. ಮುಚ್ಚಳದ ಹಿಡಿ ಮತ್ತು ಕುಕ್ಕರಿನ ಹಿಡಿ ಒಂದರ ಮೇಲೊಂದು ನೇರ ಕೂರುವಂತೆ ಸ್ಕ್ರೂ ಬಿಗಿ ಮಾಡಿ. ಹಿಡಿಯೇ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಬಿಸಿ ಹುಳಿ ತುಂಬಿದ ಕುಕ್ಕರನ್ನು ಒಂದೇ ಕೈಯಲ್ಲಿ ಎತ್ತುವುದು ಆ ಹಿಡಿಯ ನಂಬಿಕೆಯ ಮೇಲೇ ಅಲ್ವಾ?

ಹಬೆಯೂ ಇಲ್ಲ, ಕೂಗೂ ಇಲ್ಲ

ಸದ್ದಿಲ್ಲದ ಈ ಲಕ್ಷಣಕ್ಕೇ ಹೆದರಬೇಕಾದ್ದು. ಅಂಚಿನಿಂದ ಹಬೆ ಸೋರುವ ಕುಕ್ಕರಿನಲ್ಲಿ ಒತ್ತಡ ಏರುವುದೇ ಇಲ್ಲ. ಇಲ್ಲಿ ಒತ್ತಡ ಏರುತ್ತಿದ್ದರೂ ನಮಗೆ ಗೊತ್ತಾಗುವುದಿಲ್ಲ.

ನಿಮ್ಮ ಕುಕ್ಕರ್ ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಮೊದಲ ಕೂಗು ಹಾಕುತ್ತದೆ ಅನ್ನುವ ಅಂದಾಜು ನಿಮಗೆ ಇದ್ದೇ ಇರುತ್ತದೆ. ಅದರ ಎರಡರಷ್ಟು ಹೊತ್ತಾದರೂ ಸದ್ದಿಲ್ಲ ಅಂದರೆ ಒಲೆ ಆರಿಸಿ. ಕುಕ್ಕರಿನ ಮೇಲೆ ಬಾಗಿ ಕಿವಿಕೊಟ್ಟು ಕೇಳಬೇಡಿ, ವಿಷಲ್ ಎತ್ತಬೇಡಿ, ಎತ್ತಿ ಸಿಂಕಿಗೆ ಒಯ್ಯಬೇಡಿ. ಒಲೆಯ ಹತ್ತಿರ ಹೋಗಲು ಭಯವಾದರೆ ಸಿಲಿಂಡರಿನ ರೆಗ್ಯುಲೇಟರನ್ನೇ ಆಫ್ ಮಾಡಿ, ಅಡುಗೆಮನೆಯಿಂದ ಎಲ್ಲರೂ ಹೊರಗೆ ಬನ್ನಿ. ಅರ್ಧ ಗಂಟೆಗೂ ಹೆಚ್ಚು ಹಾಗೇ ಬಿಡಿ. ತಾನಾಗಿ ಪೂರ್ತಿ ತಣ್ಣಗಾಗಲಿ.

ಕಾರಣ ಉರಿ ತೀರಾ ಸಣ್ಣದಿದ್ದದ್ದೋ, ನೀರು ಹಾಕುವುದು ಮರೆತದ್ದೋ ಇರಬಹುದು. ಆದರೆ ಮೊದಲ ಅನುಮಾನ ಕೊಳವೆಯ ಮೇಲೇ ಇರಲಿ. ವಿಷಲ್ ತೆಗೆದು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಳವೆಯೊಳಗೆ ನೋಡಿ. ಆ ಕಡೆಯ ಬೆಳಕು ಕಾಣಬೇಕು. ಕಾಣದಿದ್ದರೆ ಬೇಳೆಯ ಸಿಪ್ಪೆಯೋ, ಒಣಮೆಣಸಿನ ಬೀಜವೋ ಕೂತಿದೆ. ತೆಳು ತಂತಿ ಅಥವಾ ದಪ್ಪ ಸೂಜಿಯಿಂದ ಚುಚ್ಚಿ, ನಲ್ಲಿ ಕೆಳಗೆ ಹಿಡಿದು ನೀರು ಸಲೀಸಾಗಿ ಹರಿಯುವವರೆಗೆ ತೊಳೆಯಿರಿ. ವಿಷಲ್‌ನ ಒಳಗೂ ಇಣುಕಿ ನೋಡಿ, ಅಲ್ಲೂ ಗಂಜಿ ಒಣಗಿ ಅಂಟಿರುತ್ತದೆ.

ಬೆಳಕು ನೋಡುವ ಈ ಕೆಲಸವನ್ನು ಪ್ರತಿ ಸಲ ಮುಚ್ಚಳ ಹಾಕುವ ಮುಂಚೆ ಮಾಡಬೇಕು. ಮುಚ್ಚಿ, ಕೊಳವೆಯಿಂದ ಹಬೆ ಚೆನ್ನಾಗಿ ಬರಲು ಶುರುವಾದ ಮೇಲೆ ವಿಷಲ್ ಹಾಕುವ ಹಳೆಯ ಪದ್ಧತಿ ಇನ್ನೂ ಒಳ್ಳೆಯದು. ದಾರಿ ತೆರೆದಿದೆ ಅಂತ ಕಣ್ಣಾರೆ ಕಂಡಂತೆ ಆಗುತ್ತದೆ, ಒಳಗಿನ ಗಾಳಿಯೂ ಹೊರಗೆ ಹೋಗುತ್ತದೆ. ಹಬೆ ಮುಖಕ್ಕೆ ಹೊಡೆಯದಂತೆ ವಿಷಲ್‌ನ್ನು ಪಕ್ಕದಿಂದ ಹಾಕಿ.

ವಿಷಲ್‌ನಿಂದ ಬೇಳೆ ನೀರು ಚಿಮ್ಮಿ ಗೋಡೆಯೆಲ್ಲ ಹಳದಿ

ಇಲ್ಲಿ ಕುಕ್ಕರಿಗೆ ರೋಗವಿಲ್ಲ, ತುಂಬಿಸಿದ್ದು ಜಾಸ್ತಿಯಾಗಿದೆ. ತರಕಾರಿ, ಸಾರು ಆದರೆ ಮೂರನೇ ಎರಡು ಭಾಗದವರೆಗೆ ತುಂಬಿಸಬಹುದು. ಬೇಳೆ, ಅಕ್ಕಿ, ಕಾಳುಗಳು ನೊರೆ ಬರುತ್ತವೆ, ಉಬ್ಬುತ್ತವೆ. ಅವನ್ನು ನೀರೂ ಸೇರಿ ಅರ್ಧಕ್ಕಿಂತ ಮೇಲೆ ಹಾಕಬಾರದು. ಬೇಳೆಗೆ ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ಕಡಿಮೆ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿದರೆ ಚಿಮ್ಮುವುದು ಬಹುಪಾಲು ನಿಲ್ಲುತ್ತದೆ.

ಗೋಡೆ ಕೊಳೆಯಾಗುತ್ತದೆ ಅಂತ ವಿಷಲ್ ಮೇಲೆ ಬಟ್ಟೆ ಹಾಕುವವರು, ಸ್ಟೀಲ್ ಬಟ್ಟಲು ಬೋರಲು ಇಡುವವರು ಇದ್ದಾರೆ. ದಯವಿಟ್ಟು ಬೇಡ. ವಿಷಲ್ ಎಷ್ಟು ಒತ್ತಡಕ್ಕೆ ಏಳಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ, ನಾವು ಮೇಲಿಟ್ಟ ಭಾರವೂ ಆ ಲೆಕ್ಕಕ್ಕೆ ಸೇರುತ್ತದೆ. ಬೇರೆ ಕಂಪನಿಯ ವಿಷಲ್ ತಂದು ಹಾಕುವುದೂ ಇದೇ ತಪ್ಪು.

ಸೇಫ್ಟಿ ವಾಲ್ವ್ ಹಾರಿತು

ಒಮ್ಮೆಲೇ ಭುಸ್ ಅಂತ ಹಬೆ, ಸೂರಿಗೆ ಚಿಮ್ಮಿದ ಅನ್ನ. ನೋಡಿದವರಿಗೆ ಕೈಕಾಲು ನಡುಗುತ್ತದೆ. ಆದರೆ ವಾಲ್ವ್ ಮಾಡಬೇಕಾದ ಕೆಲಸ ಮಾಡಿದೆ. ಸಾಮಾನ್ಯ ವಾಲ್ವ್‌ನ ನಡುವೆ ಬೇಗ ಕರಗುವ ಲೋಹದ ಚುಕ್ಕೆ ಇರುತ್ತದೆ. ನೀರು ಇಂಗಿ ಕುಕ್ಕರ್ ಮಿತಿ ಮೀರಿ ಕಾದರೆ, ಅಥವಾ ಕೊಳವೆ ಕಟ್ಟಿ ಒತ್ತಡ ಏರಿದರೆ, ಅದು ಕರಗಿ ಹಬೆಗೆ ದಾರಿ ಬಿಡುತ್ತದೆ.

ಹಾಗಾಗಿ ವಾಲ್ವ್ ಬದಲಾಯಿಸಿದರೆ ಕೆಲಸ ಮುಗಿಯಲಿಲ್ಲ. ಅದು ಯಾಕೆ ಹೋಯಿತು ಅಂತ ನೋಡಬೇಕು. ತಳ ಸೀದಿದೆಯಾ? ಹಾಗಾದರೆ ನೀರು ಸಾಲಲಿಲ್ಲ. ತಳ ಚೆನ್ನಾಗಿದೆ, ನೀರೂ ಇದೆ ಅಂದರೆ ಕೊಳವೆ ಕಟ್ಟಿದೆ. ಎರಡೂ ಸರಿ ಇದ್ದೂ ಹೋದರೆ ವಾಲ್ವ್ ಹಳತಾಗಿರಬೇಕು, ಇಲ್ಲ ನಕಲಿ. ಹೊಸದು ಅದೇ ಕಂಪನಿಯದು, ಅದೇ ಮಾಡೆಲ್‌ಗೆ ಹೇಳಿದ್ದೇ ಆಗಬೇಕು. ತೂತಿಗೆ ಗೋಧಿಹಿಟ್ಟು ಮೆತ್ತುವುದು, ಎಂಸೀಲ್ ಹಾಕುವುದು, ನಟ್ಟು ಬೋಲ್ಟು ಬಿಗಿಯುವುದು ರಿಪೇರಿಯಲ್ಲ. ಹಾಗೆ ಮಾಡಿಕೊಟ್ಟ ಅಂಗಡಿಗೆ ಮತ್ತೆ ಹೋಗಬೇಡಿ.

ಕೆಲವು ಔಟರ್ ಲಿಡ್ ಕುಕ್ಕರುಗಳ ಮುಚ್ಚಳದ ಅಂಚಿನಲ್ಲಿ ಉದ್ದನೆಯ ಒಂದು ಕಿಂಡಿ ಕಾಣುತ್ತದೆ, ನೋಡಿರಬಹುದು. ಅಲ್ಲಿಂದ ಗ್ಯಾಸ್ಕೆಟ್ ಉಬ್ಬಿ ಹೊರಗೆ ಬಂದಿದ್ದರೆ ಒತ್ತಡ ಮಿತಿ ಮೀರಿತ್ತು, ಕೊಳವೆಯೂ ವಾಲ್ವೂ ಕೈಕೊಟ್ಟಿವೆ ಅಂತ ಅರ್ಥ. ಆ ಕುಕ್ಕರನ್ನು ಸರ್ವೀಸ್ ಸೆಂಟರಿನಲ್ಲಿ ತೋರಿಸುವವರೆಗೆ ಒಲೆಯ ಮೇಲೆ ಇಡಬೇಡಿ.

ಹಬೆ ತಗುಲಿ ಮೈ ಸುಟ್ಟರೆ ತಕ್ಷಣ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಮುಖಕ್ಕೆ, ಕಣ್ಣಿಗೆ ತಗುಲಿದ್ದರೆ, ಬೊಬ್ಬೆ ದೊಡ್ಡದಾಗಿದ್ದರೆ, ಸುಟ್ಟದ್ದು ಮಗುವಿಗಾದರೆ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 108.

ಮುಚ್ಚಳ ತೆಗೆಯಲು ಬರುತ್ತಿಲ್ಲ

ಬಲ ಹಾಕುವ ಮುಂಚೆ ಒಳಗೆ ಒತ್ತಡ ಉಳಿದಿದೆಯಾ ನೋಡಿ. ಎಂದಿನಂತೆ ಕೂಗಿ ಇಳಿಸಿದ ಕುಕ್ಕರಾದರೆ ಸೌಟಿನ ತುದಿಯಿಂದ ವಿಷಲ್‌ನ್ನು ಒಂಚೂರು ಎತ್ತಿ. ಹಬೆ ಬಂದರೆ ಬಿಟ್ಟುಬಿಡಿ, ಇನ್ನೂ ಹತ್ತು ನಿಮಿಷ ಕಾಯಿರಿ. ಮುಚ್ಚಳ ಬಾಯಿಯ ಒಳಗಿನಿಂದ ಕೂರುವ ಇನ್ನರ್ ಲಿಡ್ ಕುಕ್ಕರಿನಲ್ಲಿ ಒಳಗಿನ ಹಬೆಯೇ ಮುಚ್ಚಳವನ್ನು ಬಾಯಿಗೆ ಒತ್ತಿ ಹಿಡಿದಿರುತ್ತದೆ, ಒತ್ತಡ ಇಳಿದ ಮೇಲೆ ಅದು ತಾನೇ ಸಡಿಲವಾಗಿ ಕೆಳಗೆ ಜಾರುತ್ತದೆ. ಔಟರ್ ಲಿಡ್‌ನಲ್ಲೇ ಹೆಚ್ಚು ಎಚ್ಚರ ಬೇಕು, ಬಲ ಹಾಕಿದರೆ ತಿರುಗಿಬಿಡಬಹುದು.

ರಾತ್ರಿ ಇಳಿಸಿ ಬೆಳಿಗ್ಗೆ ತೆಗೆಯಲು ಹೋದಾಗ ಬರದಿದ್ದರೆ ಕಥೆ ಉಲ್ಟಾ. ಹಬೆ ನೀರಾಗಿ ಒಳಗೆ ಗಾಳಿಯೇ ಕಡಿಮೆಯಾಗಿ ಮುಚ್ಚಳ ಹೀರಿಕೊಂಡು ಕೂತಿದೆ. ವಿಷಲ್ ಪೂರ್ತಿ ತೆಗೆಯಿರಿ, ಸುಯ್ ಅಂತ ಗಾಳಿ ಒಳಗೆ ಹೋಗುತ್ತದೆ. ಆಗಲೂ ಬರದಿದ್ದರೆ ಗಂಜಿ ಅಂಟಿದೆ. ವಿಷಲ್ ಇಲ್ಲದೇ ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಒಲೆ ಆರಿಸಿ ತೆಗೆಯಿರಿ.

ಕೂಗು ಸರಿಯಾಗಿದೆ, ಬೇಳೆ ಮಾತ್ರ ಬೇಯುವುದಿಲ್ಲ

ಮೂರು ಕೂಗು, ಐದು ಕೂಗು, ಆದರೂ ತೊಗರಿಬೇಳೆ ಕಾಳು ಕಾಳಾಗಿಯೇ ಇದೆ. ಇಲ್ಲಿ ಕುಕ್ಕರನ್ನು ಬಿಚ್ಚುವ ಮುಂಚೆ ಕೂಗಿನ ಲೆಕ್ಕವನ್ನೇ ಅನುಮಾನಿಸಿ. ದೊಡ್ಡ ಉರಿಯಲ್ಲಿ ಮೂರು ಕೂಗು ಮೂರು ನಿಮಿಷದಲ್ಲಿ ಮುಗಿದುಹೋಗಬಹುದು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹಿಡಿಯಬಹುದು. ಬೇಯಿಸುವುದು ಬಿಸಿ ಮತ್ತು ಹೊತ್ತು, ಸದ್ದಲ್ಲ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ಗ್ಯಾಸೂ ಉಳಿಯುತ್ತದೆ. ವಿದೇಶದಲ್ಲಿ ಸ್ಪ್ರಿಂಗ್ ವಾಲ್ವ್ ಇರುವ, ಕೂಗದೇ ಇರುವ ಕುಕ್ಕರ್ ಕೊಂಡು "ಇದು ಕೆಟ್ಟಿದೆ" ಅನ್ನುವ ನಮ್ಮವರಿಗೂ ಇದೇ ಮಾತು.

ಹೊತ್ತು ಸರಿ ಇದ್ದೂ ಬೇಯದಿದ್ದರೆ ಹುಳಿಯನ್ನು ನೋಡಿ. ಬೇಳೆಯ ಜೊತೆಗೇ ಹುಣಸೆರಸ, ಟೊಮೆಟೊ ಹಾಕಿದರೆ ಬೇಳೆ ಮೆತ್ತಗಾಗುವುದು ತಡ. ಅವನ್ನು ಬೆಂದ ಮೇಲೆ ಹಾಕಿ. ಬೇಳೆ ವರ್ಷಗಟ್ಟಲೆ ಹಳೆಯದಾಗಿದ್ದರೂ ಇದೇ ಗೋಳು.

ಉಳಿದದ್ದು ನೀರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನಲ್ಲಿ ಎತ್ತರದಿಂದ ಆಗುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೆ. ಮಂಗಳೂರಿನಿಂದ ಬಂದವರು "ಇಲ್ಲಿ ಬೇಳೆಯೇ ಬೇಯಲ್ಲ" ಅಂದರೆ ಬೈಯಬೇಕಾದ್ದು ಎತ್ತರಕ್ಕಲ್ಲ, ಬೋರ್‌ವೆಲ್ ನೀರಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಇದು ಹೊಸದಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಸಿಪ್ಪೆ, ತಿರುಳನ್ನು ಬಿಗಿ ಹಿಡಿಯುತ್ತವೆ. ಅದೇ ಬೇಳೆಯನ್ನು ಒಂದು ದಿನ ಆರ್‌ಓ ನೀರಿನಲ್ಲಿ, ಅಷ್ಟೇ ಹೊತ್ತು ಬೇಯಿಸಿ ನೋಡಿ. ಬೆಂದರೆ ಕುಕ್ಕರ್ ನಿರ್ದೋಷಿ. ಅಡುಗೆ ಸೋಡಾ ಹಾಕಿದರೂ ಬೇಯುತ್ತದೆ, ಆದರೆ ಬೇಳೆಯ ಬಿ1 ಜೀವಸತ್ವ ಹೋಗುತ್ತದೆ, ಅಲ್ಯೂಮಿನಿಯಂ ಕಪ್ಪಾಗುತ್ತದೆ.

ಒಳಗೆ ಕಪ್ಪು, ತಳ ಉಬ್ಬು

ಅಲ್ಯೂಮಿನಿಯಂ ಕುಕ್ಕರಿನ ಒಳಗೆ ಡಬ್ಬಿ ಇಟ್ಟು ಬೇಯಿಸುವವರಿಗೆ ತಳ ಕಪ್ಪಾಗುವುದು ಮಾಮೂಲು. ತಳದ ನೀರಿಗೆ ನಿಂಬೆ ಸಿಪ್ಪೆಯನ್ನೋ ಹಿಂಡಿದ ಹುಣಸೆ ಚರಟವನ್ನೋ ಹಾಕಿದರೆ ಕಪ್ಪಾಗುವುದು ಕಡಿಮೆ. ಅದು ಕುಕ್ಕರಿನ ದೋಷವಲ್ಲ.

ತಳ ಉಬ್ಬಿದ್ದರೆ ಮಾತು ಬೇರೆ. ಕಟ್ಟೆಯ ಮೇಲಿಟ್ಟು ತಿರುಗಿಸಿ. ಬುಗುರಿಯ ಹಾಗೆ ಸುತ್ತಿದರೆ ನೀರಿಲ್ಲದೇ ಕಾದು ತಳ ಹೊರಗೆ ಉಬ್ಬಿದೆ. ಅಂಥದ್ದನ್ನು ತಟ್ಟಿಸಿ ಚಪ್ಪಟೆ ಮಾಡಿಸಿ ಮತ್ತೆ ಒತ್ತಡಕ್ಕೆ ಇಡಬೇಡಿ. ನೀರು ಇಂಗಿ ಕೆಂಡದಂತೆ ಕಾದ ಕುಕ್ಕರಿಗೆ ತಣ್ಣೀರು ಸುರಿಯುವುದೂ ಅಪಾಯ.

ಹೊಸದೇ ತರಬೇಕು ಅಂದರೆ

ತಳ ಉಬ್ಬಿದ, ಸರ್ವೀಸ್ ಸೆಂಟರಿನಲ್ಲೂ ಸರಿಹೋಗದಷ್ಟು ಬಾಯಿ ಸೊಟ್ಟಗಾದ, ಮೈಯಲ್ಲಿ ಬಿರುಕು ಬಿಟ್ಟ, ಮುಚ್ಚಳ ಸಿಕ್ಕಿಕೊಳ್ಳುವ ಹಲ್ಲು ಸವೆದ ಕುಕ್ಕರಿಗೆ ದುಡ್ಡು ಹಾಕಬೇಡಿ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 2347 ಅನ್ನುವ ಸಂಖ್ಯೆ ನೋಡಿ. ಮನೆಬಳಕೆಯ ಕುಕ್ಕರಿಗೆ ಈ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ಮಾಡಿದೆ. ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯಾ ಅಂತ ಗೊತ್ತಾಗುತ್ತದೆ.

ಇಬ್ಬರಿದ್ದರೆ 3 ಲೀಟರ್ ಸಾಕು. ನಾಲ್ಕು ಜನಕ್ಕೆ, ಡಬ್ಬಿ ಇಟ್ಟು ಅನ್ನ ಬೇಳೆ ಒಟ್ಟಿಗೆ ಮಾಡುವವರಿಗೆ 5 ಲೀಟರ್ ಬೇಕು. ಅರ್ಧ ಮಾತ್ರ ತುಂಬಿಸಬಹುದು ಅನ್ನುವುದನ್ನು ಮರೆತು ಸಣ್ಣದು ತಂದರೆ ಮತ್ತೆ ಗೋಡೆಯ ಹಳದಿ ಒರೆಸುತ್ತಾ ಕೂರಬೇಕು. ಅಲ್ಯೂಮಿನಿಯಂ ಹಗುರ, ಬೇಗ ಕಾಯುತ್ತದೆ, ಅಗ್ಗ. ಹುಳಿ ಪದಾರ್ಥ ಜಾಸ್ತಿ ಮಾಡುವವರಿಗೆ ಸ್ಟೀಲ್ ಒಳ್ಳೆಯದು, ಆದರೆ ತಳ ದಪ್ಪ ಇರಲಿ, ಇಲ್ಲದಿದ್ದರೆ ಸೀಯುತ್ತದೆ. ಇಂಡಕ್ಷನ್ ಒಲೆಯಿದ್ದರೆ ಅಂಗಡಿಗೆ ಒಂದು ಅಯಸ್ಕಾಂತ ಒಯ್ದು ತಳಕ್ಕೆ ಹಿಡಿದು ನೋಡಿ, ಅಂಟಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚು ತೂಕ ಕೊಡುವುದು ಬಿಡಿಭಾಗಕ್ಕೆ. ಕುಕ್ಕರ್ ಕೊಳ್ಳುವ ಮುಂಚೆ ನಿಮ್ಮ ಊರಿನ ಪಾತ್ರೆ ಅಂಗಡಿಯಲ್ಲಿ ಆ ಮಾಡೆಲ್‌ನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಸಿಗುತ್ತದಾ ಕೇಳಿ. ಸಿಗುತ್ತದೆ ಅಂದರೆ ಕುಕ್ಕರಿನ ಜೊತೆಗೇ ಒಂದೊಂದು ತಂದು ಮನೆಯಲ್ಲಿಡಿ. ಮುಚ್ಚಳವನ್ನು ಕುಕ್ಕರಿಗೆ ಬಿಗಿದು ಎತ್ತಿಡಬೇಡಿ, ಒಳಮೈ ಮೇಲೆ ಬರುವಂತೆ ತಿರುಗಿಸಿ ಅದರ ಮೇಲಿಡಿ. ಗ್ಯಾಸ್ಕೆಟ್ ಅದುಮಿ ಹೋಗುವುದಿಲ್ಲ.